ಬಸುರಿನಲ್ಲಿ ಥೈರಾಯ್ಡ್ ಕ್ಯಾನ್ಸರ್

ಬಸುರಿನಲ್ಲಿ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್ ಬಹುಪಾಲು ಪ್ಯಾಪಿಲ್ಲರಿ ಬಗೆಯದು, ನಿಧಾನವಾಗಿ ಬೆಳೆಯುವಂಥದ್ದು. ಕುತ್ತಿಗೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಸೂಜಿ ಪರೀಕ್ಷೆಗಳಿಂದ ಮಗುವಿಗೆ ತೊಂದರೆಯಿಲ್ಲ. ಹೆಚ್ಚಿನವರಿಗೆ ಆಪರೇಷನ್ ಹೆರಿಗೆಯಾದ ಮೇಲೆಯೇ. ಗಡ್ಡೆ ಬೇಗ ಬೆಳೆದರೆ 4ರಿಂದ 6ನೇ ತಿಂಗಳ ನಡುವೆ. ಮಗು ತೆಗೆಸಬೇಕೆಂಬ ಮನೆಮಂದಿಯ ಅವಸರಕ್ಕೆ ಸಾಮಾನ್ಯವಾಗಿ ಆಧಾರವೇ ಇರುವುದಿಲ್ಲ.

ಕೊಪ್ಪಳ ಜಿಲ್ಲೆಯ ಯಲಬುರ್ಗಾದ ಗರ್ಭಿಣಿಗೆ ಚಿಕಿತ್ಸೆಯ ಮೊದಲ ದಾರಿ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ, ಇಲ್ಲವೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಆಪರೇಷನ್ ಆದವರು ಥೈರಾಯ್ಡ್ ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಬೇಕು. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ ಎರಡನ್ನೂ 4 ತಾಸು ಬಿಟ್ಟು ತೆಗೆದುಕೊಳ್ಳಬೇಕು. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ವಿಕಿರಣ ಅಯೋಡಿನ್ ಚಿಕಿತ್ಸೆ ಬಸುರಿನಲ್ಲಿ ಸಲ್ಲದು. ಹೆರಿಗೆಯ ನಂತರವೂ ಅದನ್ನು ಕೊಡಬೇಕಾದರೆ ಮೊಲೆಹಾಲು ಬಿಡಿಸಿ ಕನಿಷ್ಠ 6 ವಾರ ಕಳೆದಿರಬೇಕು.