ಮೀನಖಂಡದ ಮೇಲೆ ಒಂದು ಕೈ

ಇಸ್ತಾಂಬುಲ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಾಸ್ಫರಸ್ ಕಡೆಯಿಂದ ಹಡಗೊಂದು ಕೂಗುತ್ತದೆ. ಕೆಳಗಿನ ಬೇಕರಿಯಿಂದ ಸಿಮಿತ್ ರೊಟ್ಟಿಯ ಹುರಿದ ಎಳ್ಳಿನ ವಾಸನೆ ಬರುತ್ತಿದೆ. ನಿಮಗೀಗ 28 ವರ್ಷ. ಹಾಸಿಗೆಯಿಂದ ಕಾಲಿಳಿಸಲು ನೋಡುತ್ತೀರಿ, ಬಲ ಮೊಣಕಾಲು ಮಡಚುವುದಿಲ್ಲ. ರಾತ್ರಿ ಬರೀ ಬಿಗಿದಿದ್ದದ್ದು ಈಗ ಊದಿ, ಬಿಸಿಯೇರಿ, ಮಂಡಿಚಿಪ್ಪೇ ಕಾಣದಂತಾಗಿದೆ. ಹಲ್ಲು ಕಚ್ಚುತ್ತೀರಿ. ನಾಲಿಗೆಯಂಚಿನ ಹುಣ್ಣು ಚುರ್ರೆನ್ನುತ್ತದೆ.

ಈ ಹುಣ್ಣಿಗೂ ಆ ಮಂಡಿಗೂ ನಂಟಿದೆ. ಬಾಯಿಯ ಹುಣ್ಣು, ಜನನಾಂಗದ ಹುಣ್ಣು, ಕಣ್ಣಿನ ಉರಿಯೂತ ಮೂರೂ ಒಂದೇ ಕಾಯಿಲೆ ಎಂದು 1937ರಲ್ಲಿ ಹೇಳಿದವರು ಇದೇ ಊರಿನ ಚರ್ಮವೈದ್ಯ ಹುಲೂಸಿ ಬೆಹ್ಚೆತ್. ಕಾಯಿಲೆಗೆ ಅವರದೇ ಹೆಸರು. ಅದು ರಕ್ತನಾಳಗಳ ಉರಿಯೂತ; ಧಮನಿ, ಅಭಿಧಮನಿ, ದೊಡ್ಡದು, ಚಿಕ್ಕದು, ಯಾವುದನ್ನೂ ಬಿಡುವುದಿಲ್ಲ. ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಕೀಲುನೋವು ಬರುತ್ತದೆ: ಮಂಡಿ, ಹರಡು, ಮಣಿಕಟ್ಟು. ಕೆಲವು ವಾರ ಕಾಡಿ ಹೋಗುತ್ತದೆ. ಸಾಮಾನ್ಯವಾಗಿ ಮೂಳೆಯನ್ನು ತಿನ್ನುವುದಿಲ್ಲ. ಆ ಸಮಾಧಾನದ ಮೇಲೆಯೇ ನೀವು ಕಾಲ್ಚಿಸಿನ್ ಗುಳಿಗೆ ನುಂಗಿ ಕಾಯುತ್ತೀರಿ.

ಮಂಡಿ ಇಳಿಯುತ್ತ ಬಂದಿದೆ ಎನ್ನುವಾಗಲೇ ಒಂದು ಸಂಜೆ ಮೀನಖಂಡ ಸೆಟೆದುಕೊಳ್ಳುತ್ತದೆ. ಚರ್ಮ ಬಿಗಿದು ಮಿರುಗುತ್ತಿದೆ. ಕಾಲುಚೀಲದ ಗುರುತು ಆಳವಾಗಿ ಕೂತಿದೆ. ಹೆಜ್ಜೆಯಿಟ್ಟರೆ ಒಳಗಿನಿಂದ ಯಾರೋ ಹಿಂಡಿದ ಹಾಗೆ.

"ಸ್ನಾಯು ಹಿಡಿದುಕೊಂಡಿದೆ, ಮಗನೇ. ತಿಕ್ಕಿಬಿಡ್ತೀನಿ, ಸರಿಹೋಗುತ್ತೆ," ಎನ್ನುತ್ತಾಳೆ ಅಮ್ಮ. ಬಿಸಿ ಮಾಡಿದ ಆಲಿವ್ ಎಣ್ಣೆಯ ಕಂಪು ಕೋಣೆ ತುಂಬುತ್ತದೆ. ಅವಳ ಅಂಗೈ ಕಾಲಿನ ಮೇಲೆ ಕೂರುತ್ತದೆ. ಬೆಚ್ಚಗಿದೆ. ಹಾಯೆನಿಸುತ್ತದೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ.

ಆದರೆ ಒಳಗೆ ಏನಾಗಿದೆ? ಮಂಡಿಯ ಹಿಂದೆ ಕಟ್ಟಿದ್ದ ನೀರಿನ ಚೀಲ ಒಡೆದು ಕೆಳಗೆ ಸೋರಿರಬಹುದು; ನೋವೇ ಹೊರತು ಜೀವಕ್ಕೆ ಅಪಾಯವಿಲ್ಲ. ಇಲ್ಲವೇ ಅಭಿಧಮನಿಯ ಗೋಡೆ ಉರಿದು ರಕ್ತ ಹೆಪ್ಪುಗಟ್ಟಿರಬಹುದು. ಮುಟ್ಟಿ ನೋಡಿದರೆ ಎರಡೂ ಒಂದೇ. ನೀವು ಅಮ್ಮನ ಕೈ ಹಿಡಿದು ಸರಿಸುತ್ತೀರಿ. ಅವಳಿಗೆ ನೋವಾಗುತ್ತದೆ, ಕಾಣುತ್ತದೆ. ಆದರೂ ಸರಿಸುತ್ತೀರಿ.

ಟ್ಯಾಕ್ಸಿ. ಮೆಟ್ಟಿಲು. ಔಷಧಿಯ ವಾಸನೆ. ತೊಡೆಗೆ ತಣ್ಣನೆಯ ಜೆಲ್. ಸ್ಕ್ಯಾನ್ ಮಾಡುವವರು ಒತ್ತುತ್ತಾರೆ. ಆರೋಗ್ಯವಾಗಿದ್ದರೆ ಅಭಿಧಮನಿ ಚಪ್ಪಟೆಯಾಗಬೇಕು. ಮತ್ತೆ ಒತ್ತುತ್ತಾರೆ. ಚಪ್ಪಟೆಯಾಗುವುದಿಲ್ಲ.

"ಈಚೆಗೆ ಕೆಮ್ಮಿದಾಗ ರಕ್ತ ಬಂದಿತ್ತಾ?" ವೈದ್ಯೆ ಕೇಳುತ್ತಾರೆ. ಗಂಟಲು ಒಣಗುತ್ತದೆ. ಇದೇ ಕಾಯಿಲೆ ಶ್ವಾಸಕೋಶದ ಧಮನಿಯನ್ನೂ ಉಬ್ಬಿಸಬಲ್ಲದು. ಹಾಗೆ ಉಬ್ಬಿದ ಧಮನಿಯಿದ್ದಾಗ ರಕ್ತ ತೆಳುವಾಗಿಸುವ ಮದ್ದು ಕೊಟ್ಟರೆ ಪ್ರಾಣವೇ ಹೋಗಬಹುದು. ಎದೆಯ ಸಿಟಿ ಸ್ಕ್ಯಾನ್ ಮೊದಲು. ಉಸಿರು ಬಿಗಿಹಿಡಿದು ಮಲಗುತ್ತೀರಿ.

ಎದೆ ಶುಭ್ರವಾಗಿದೆ. ಸ್ಟೀರಾಯ್ಡ್ ಮತ್ತು ಅಝಥಯೋಪ್ರಿನ್ ಶುರುವಾಗುತ್ತವೆ, ಏಕೆಂದರೆ ಇಲ್ಲಿ ಹೆಪ್ಪಿಗೆ ಮೂಲ ನಾಳದ ಗೋಡೆಯ ಉರಿ. ಮೊದಲು ಆರಬೇಕಾದದ್ದು ಅದೇ.

ಪದೇ ಪದೇ ಬಾಯಿಹುಣ್ಣಾಗುವವರಿಗೆ ಒಂದೇ ಕಾಲು ಊದಿದರೆ ದಯವಿಟ್ಟು ತಿಕ್ಕಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಯಾರೂ ಕೇಳದಿದ್ದರೂ ಆ ಹುಣ್ಣಿನ ಸಂಗತಿಯನ್ನು ವೈದ್ಯರಿಗೆ ಹೇಳಿ.