ರೊಕ್ಕ ಎಲ್ಲಿ ನಿಂತೈತಿ?

ಮಾನ್ವಿಗೂ ಸಿಂಧನೂರಿಗೂ ನಡುವೆ ಹೆದ್ದಾರಿಗೆ ಅಂಟಿಕೊಂಡಿರುವ ನಮ್ಮ ಪೋತ್ನಾಳದಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದರೆ ಆನ್‌ಲೈನ್ ಸೆಂಟರುಗಳ ಮುಂದೆ ಜನ ನಿಂತಿರುತ್ತಾರೆ. ನೆಲ್ಲು ಮಾರಿದವರು ದಲಾಲಿ ಅಂಗಡಿಯ ರೊಕ್ಕ ಜಮಾ ಆಯಿತೋ ಇಲ್ಲವೋ ನೋಡಬೇಕು. ಗೊಬ್ಬರದಂಗಡಿಯವರು ಕಂಪನಿಗೆ ದುಡ್ಡು ಹಾಕಬೇಕು. ಬೆಂಗಳೂರಿಗೆ ಗುಳೆ ಹೋದ ಮಗ ಕಳಿಸಿದ್ದು ಬಂತೇ ಎಂದು ಅವ್ವ ಕೇಳಬೇಕು. ಇಷ್ಟೂ ಜನಕ್ಕೆ ಆಗಾಗ ಸಿಗುವ ಉತ್ತರ ಒಂದೇ: ‘ಸರ್ವರ್ ಇಲ್ಲರಿ, ನಾಳೆ ಬರ್ರಿ.’ ನಾಳೆ ಮತ್ತೆ ಬಂದರೆ ಸುತ್ತಲಿನ ಕ್ಯಾಂಪುಗಳಿಂದ ಬರುವ ಹೆಣ್ಣುಮಗಳಿಗೆ ಇನ್ನೊಂದು ದಿನದ ಕೂಲಿ ಹೋಯಿತು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಸರ್ವರ್ ನಿಜವಾಗಿಯೂ ಕೆಡುವ ದಿನಗಳಿವೆ. ಆದರೆ ಅಂಗಡಿಯೊಂದರ ಲೆಕ್ಕ ಬರೆಯುತ್ತ, ದಿನವೂ ಬ್ಯಾಂಕಿನ ಪುಟ ತೆರೆಯುತ್ತ ನಾನು ಕಂಡದ್ದೆಂದರೆ, ತೊಂದರೆ ಬಹಳ ಸಲ ನಮ್ಮ ಮೇಜಿನ ಮೇಲೆಯೇ ಇರುತ್ತದೆ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಮುನಿರಾಬಾದಿನಿಂದ ಹೊರಟ ಆ ಕಾಲುವೆ 227 ಕಿಲೋಮೀಟರ್ ಉದ್ದ. ಮಾನ್ವಿ, ಸಿರವಾರ, ರಾಯಚೂರು ಕಡೆಯವರನ್ನು ಎಲ್ಲರೂ ಟೇಲೆಂಡಿನವರು ಎನ್ನುತ್ತಾರೆ. ನೀರು ಬರದಿದ್ದರೆ ಟೇಲೆಂಡಿನ ರೈತ ‘ಡ್ಯಾಮಿನಾಗ ನೀರಿಲ್ಲ’ ಎಂದು ಕಂಬಳಿ ಹೊದ್ದು ಮಲಗುವುದಿಲ್ಲ. ಬ್ಯಾಟರಿ ಹಿಡಿದು ರಾತ್ರಿಯೆಲ್ಲ ಕಾಲುವೆಗುಂಟ ನಡೆಯುತ್ತಾನೆ. ಮೊದಲು ತನ್ನ ಹೊಲಗಾಲುವೆಯಲ್ಲಿ ಕಸ ಕಟ್ಟಿದೆಯೇ ನೋಡುತ್ತಾನೆ, ಆಮೇಲೆ ತೂಬು, ಆಮೇಲೆ ಮೇಲಿನವರು ಇಳಿಬಿಟ್ಟ ಪೈಪು, ಕೊನೆಗೆ ಗೇಜು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಕೇಡು ಡ್ಯಾಮಿನಲ್ಲೇ ಇತ್ತು, ನಿಜ. ಅಂಥ ರಾತ್ರಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ಉಳಿದೆಲ್ಲ ದಿನ ನೀರು ನಿಂತದ್ದು ನಡುದಾರಿಯಲ್ಲಿ. ಬ್ಯಾಂಕಿನ ಪುಟ ತೆರೆಯದಿದ್ದಾಗಲೂ ಹೀಗೆಯೇ ನಮ್ಮ ಕಡೆಯಿಂದ ಮೇಲಕ್ಕೆ ನೋಡುತ್ತ ಹೋಗಬೇಕು ಎಂಬುದು ನನ್ನ ವಾದ.

ತೀರ ಹತ್ತಿರದ, ಯಾರೂ ನೋಡದ ಜಾಗ ಕಂಪ್ಯೂಟರಿನ ಗಡಿಯಾರ. ಅಂಗಡಿಗಳಲ್ಲಿ ಸಂಜೆ ಶಟರ್ ಎಳೆಯುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೋಗುವುದು ರೂಢಿ. ಶಕ್ತಿನಗರದಲ್ಲಿ 1720 ಮೆಗಾವಾಟಿನ ಸ್ಥಾವರ ಇರುವ ಜಿಲ್ಲೆ ನಮ್ಮದು, ಆದರೂ ಹಗಲಿನಲ್ಲಿ ಕರೆಂಟು ಹೋಗಿ ಬರುವುದು ತಪ್ಪಿಲ್ಲ. ಕರೆಂಟಿಲ್ಲದ ಹೊತ್ತಿನಲ್ಲಿ ತಾರೀಖು ನೆನಪಿಟ್ಟುಕೊಳ್ಳುವುದು ಮದರ್‌ಬೋರ್ಡಿನ ಮೇಲಿರುವ ಒಂದು ಗುಂಡು ಸೆಲ್ಲು. ಸಿಆರ್ 2032 ಎಂದು ಅದರ ಮೇಲೆಯೇ ಬರೆದಿರುತ್ತದೆ. ಅದು ಸತ್ತರೆ ಕಂಪ್ಯೂಟರು ಪ್ರತಿ ಬೆಳಿಗ್ಗೆ ಹಳೆಯ ವರ್ಷವೊಂದರಲ್ಲಿ ಕಣ್ಣು ಬಿಡುತ್ತದೆ. ಟ್ಯಾಲಿ ತೆರೆಯುತ್ತದೆ, ಬಿಲ್ಲು ಪ್ರಿಂಟ್ ಆಗುತ್ತದೆ, ಬ್ಯಾಂಕು ಮಾತ್ರ ತೆರೆಯುವುದಿಲ್ಲ.

ಕಾರಣ ಸರಳ. ಬ್ಯಾಂಕಿನ ತಾಣಕ್ಕೆ ತಾನೇ ಆ ಬ್ಯಾಂಕು ಎಂದು ತೋರಿಸುವ ಒಂದು ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದಕ್ಕೆ ಅವಧಿಯೂ ಇರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಅಂಥ ಪತ್ರದ ಆಯುಸ್ಸಿಗೆ 398 ದಿನದ ಮಿತಿ ಹಾಕಲಾಯಿತು. ಬ್ರೌಸರು ಆ ಪತ್ರವನ್ನು ನಮ್ಮ ಕಂಪ್ಯೂಟರಿನ ತಾರೀಖಿನ ಜೊತೆ ಹೋಲಿಸುತ್ತದೆ. ನಮ್ಮ ತಾರೀಖು ಹಿಂದಿದ್ದರೆ ಪತ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ಅದು ಭಾವಿಸಿ ಬಾಗಿಲು ಹಾಕುತ್ತದೆ. ನಿಮ್ಮ ಗಡಿಯಾರ ಹಿಂದಿದೆ ಎಂದು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂದೂ ಇರುತ್ತದೆ, ಆದರೆ ಇಂಗ್ಲಿಷಿನಲ್ಲಿ. ಕೆಂಪು ಗುರುತು ಕಂಡೊಡನೆ ವೈರಸ್ ಬಂತೆಂದು ಸಿಪಿಯು ಹೊತ್ತು ರಾಯಚೂರಿನ ಬಸ್ಸು ಹತ್ತಿದವರನ್ನು ನಾನು ಬಲ್ಲೆ. ಬೇಕಾಗಿದ್ದದ್ದು ಒಂದು ಸೆಲ್ಲು, ಎರಡು ನಿಮಿಷದ ಕೆಲಸ. ಎಚ್ಚರಿಕೆ ಬಂದರೂ ಮುಂದೆ ಹೋಗು ಎಂದು ಒತ್ತಿ ನುಗ್ಗುವವರೂ ಇದ್ದಾರೆ. ಅದನ್ನು ಬ್ಯಾಂಕಿನ ಪುಟದಲ್ಲಿ ಎಂದೂ ಮಾಡಬಾರದು. ಗಡಿಯಾರ ಸರಿಯಿದ್ದೂ ಆ ಎಚ್ಚರಿಕೆ ಬಂದರೆ ಎದುರಿಗಿರುವುದು ನಕಲಿ ತಾಣವಾಗಿರಬಹುದು.

ಇನ್ನೊಂದು ತಡೆ ಹಳೆಯ ಯಂತ್ರ. ವಿಂಡೋಸ್ 7ನ್ನು ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಕೈಬಿಟ್ಟಿತು. ಅದರ ಮೇಲೆ ನಡೆಯುವ ಕೊನೆಯ ಕ್ರೋಮ್ 109ನೆಯದು, 2023ರ ಮೇಲಿನ ಹೊಸ ಕ್ರೋಮ್ ಅಲ್ಲಿ ಕೂರುವುದಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿಂತುಹೋಯಿತು. ವಿಂಡೋಸ್ 10ರ ಸರದಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಅಂಗಡಿಗಳು ಹಳೆಯದನ್ನು ಬಿಡದಿರುವುದಕ್ಕೆ ಕಾರಣ ಜಿಪುಣತನವಲ್ಲ. ಹಳೆಯ ಬಿಲ್ಲಿಂಗ್ ತಂತ್ರಾಂಶ, ಹಳೆಯ ಪ್ರಿಂಟರು, ಹತ್ತು ವರ್ಷದ ಉದ್ರಿ ಲೆಕ್ಕ ಎಲ್ಲ ಅದರಲ್ಲೇ ಇರುತ್ತವೆ. ಆ ಯಂತ್ರವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿ, ಬ್ಯಾಂಕಿಗೆ ಬೇರೆಯದು ಇರಲಿ ಎಂದು ನಾನು ಹೇಳುತ್ತೇನೆ.

ಬ್ರೌಸರಿನದೇ ದೋಷವೋ ಅಲ್ಲವೋ ತಿಳಿಯಲು ಇನ್‌ಕಾಗ್ನಿಟೋ ಕಿಟಕಿಯಲ್ಲಿ ಅದೇ ಪುಟ ತೆರೆಯಬೇಕು. ಅಲ್ಲಿ ತೆರೆದರೆ ಹಳೆಯ ಕುಕಿಯೋ ಯಾವುದೋ ಎಕ್ಸ್‌ಟೆನ್ಶನ್ನೋ ಅಡ್ಡ ಕೂತಿದೆ. ತೆರೆಯದಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ನೋಡಬೇಕು. ಆಗ ತೆರೆದರೆ ಕೇಡು ನಮ್ಮ ಇಂಟರ್ನೆಟ್ ಲೈನಿನದು. ಎರಡರಲ್ಲೂ ಬರದೆ, ಪಕ್ಕದ ಅಂಗಡಿಯಲ್ಲೂ ಬರದಿದ್ದರೆ ಆಗ ಮಾತ್ರ ಸರ್ವರಿನ ಹೆಸರು ಎತ್ತಬಹುದು.

ಪಾಸ್‌ವರ್ಡ್ ತಪ್ಪೆಂದು ಮತ್ತೆ ಮತ್ತೆ ಬರುವುದಕ್ಕೆ ನಮ್ಮ ಕಡೆ ವಿಶೇಷವಾದ ಒಂದು ಕಾರಣವಿದೆ. ಅರ್ಜಿ ಟೈಪ್ ಮಾಡಿದ ‘ನುಡಿ’ ತಂತ್ರಾಂಶ ಹಿಂದೆ ಕನ್ನಡದಲ್ಲೇ ಚಾಲೂ ಇರುತ್ತದೆ. ಒತ್ತಿದ್ದು ಬೇರೆ, ಬಿದ್ದ ಅಕ್ಷರ ಬೇರೆ. ಮೇಲೆ ಕಾಣುವುದು ಬರೀ ಚುಕ್ಕೆ. ಹಾಗೇ ಒತ್ತುತ್ತ ಹೋದರೆ ಖಾತೆ ಲಾಕ್ ಆಗುತ್ತದೆ. ಮೊದಲು ಹೆಸರಿನ ಜಾಗದಲ್ಲಿ ಒಂದಕ್ಷರ ಒತ್ತಿ ನೋಡಿದರೆ ಗೊತ್ತಾಗಿಬಿಡುತ್ತದೆ.

ವಿಳಾಸದ ಗೋಜಲಂತೂ ನಮ್ಮ ಜಿಲ್ಲೆಗೆ ಇತಿಹಾಸವೇ ಕೊಟ್ಟದ್ದು. ಬಳ್ಳಾರಿಯಲ್ಲಿ 1976ರಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿಯಾಯಿತು, 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ಕ್ಕೆ ಧಾರವಾಡದ ವಿಕಾಸ ಗ್ರಾಮೀಣವೂ ಅದರಲ್ಲಿ ಸೇರಿತು. ನಿಜಾಮರ ಕಾಲದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಒಳಗೆ ಕರಗಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಸೇರಿತು, ಅದರ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈ 1ರಿಂದ ನಡೆಯದಾದವು. ಹಿರಿಯರು ಇಂದಿಗೂ ‘ತುಂಗಭದ್ರಾ ಬ್ಯಾಂಕಿಗೆ ಹೊಂಟೀನಿ’ ಎನ್ನುತ್ತಾರೆ. ಅವರು ಹಾಗನ್ನುವುದರಲ್ಲಿ ತಪ್ಪೇನಿಲ್ಲ, ಆದರೆ ಕಂಪ್ಯೂಟರಿನಲ್ಲಿ ಉಳಿದ ಹಳೆಯ ಬುಕ್‌ಮಾರ್ಕು, ಡೈರಿಯಲ್ಲಿ ಉಳಿದ ಹಳೆಯ ಕೋಡು ರೊಕ್ಕವನ್ನು ಮುಟ್ಟಿಸುವುದಿಲ್ಲ. ಮೇಲಾಗಿ ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯುಳ್ಳ ವಿಳಾಸಕ್ಕೆ ಹೋಗಬೇಕಾಯಿತು. ಈ ಒಂದು ಬದಲಾವಣೆ ನನಗೆ ತುಂಬ ಹಿಡಿಸಿದೆ. ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಸಂಸ್ಥೆ ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಆ ವಿಳಾಸ ಕೊಡುವುದಿಲ್ಲ. ಇಂಗ್ಲಿಷ್ ಓದು ಬಾರದವರಿಗೂ ವಿಳಾಸದ ಕೊನೆಯ ಆ ಎರಡು ಗುರುತು ಕಲಿಸಿಕೊಡಬಹುದು, ಬಸ್ಸಿನ ಬೋರ್ಡು ಗುರುತಿಸಿದಷ್ಟೇ ಸಲೀಸಾಗಿ ಅವರು ಗುರುತಿಸುತ್ತಾರೆ.

ಒಳಗೆ ಹೋದ ಮೇಲೆ ಹೊರದಬ್ಬಿಸಿಕೊಳ್ಳುವುದು ಬೇರೆ ಕಥೆ. ಪುಟ ಗಿರ್ರನೆ ತಿರುಗುತ್ತಿದೆಯೆಂದು ಹಿಂದಕ್ಕೆ ಒತ್ತುತ್ತೇವೆ, ರಿಫ್ರೆಶ್ ಮಾಡುತ್ತೇವೆ, ಇನ್ನೊಂದು ಟ್ಯಾಬಿನಲ್ಲೂ ತೆರೆಯುತ್ತೇವೆ. ಆಗ ಬ್ಯಾಂಕು ಸೆಷನ್ ಮುಗಿಯಿತು ಎಂದು ಹೊರಗೆ ಹಾಕುತ್ತದೆ. ಅದು ಕೆಟ್ಟಿದ್ದರಿಂದ ಹಾಗಾಗುವುದಲ್ಲ. ಒಂದೇ ರೊಕ್ಕ ಎರಡು ಸಲ ಹೋಗದಿರಲಿ, ಬೇರೊಬ್ಬರು ನಡುವೆ ನುಸುಳದಿರಲಿ ಎಂದು ಇಟ್ಟ ಕಾವಲು ಅದು. ನಡುವೆ ಕರೆಂಟು ಹೋದರೆ ‘ನೀವು ಈಗಾಗಲೇ ಒಳಗಿದ್ದೀರಿ’ ಎಂದೂ ಹೇಳಬಹುದು. ಕೆಲವು ನಿಮಿಷ ಬಿಟ್ಟರೆ ಹಳೆಯ ಸೆಷನ್ ತಾನೇ ಸಾಯುತ್ತದೆ. ಆ ಕೆಲವು ನಿಮಿಷ ಕಾಯಲು ಬೆನ್ನ ಹಿಂದಿನ ಸಾಲು ಬಿಡುವುದಿಲ್ಲ, ಕಷ್ಟವಿರುವುದು ಅಲ್ಲಿ.

ಓಟಿಪಿ ಬಾರದಿದ್ದಾಗಲೂ ಮೊದಲು ನೋಡಬೇಕಾದ್ದು ಫೋನನ್ನೇ. ಇನ್‌ಬಾಕ್ಸ್ ತುಂಬಿದೆಯೇ, ಖಾತೆಗೆ ಕೊಟ್ಟ ನಂಬರಿನ ಸಿಮ್ ಮಗನ ಜೊತೆ ಗುಳೆ ಹೋಗಿದೆಯೇ, ರೀಚಾರ್ಜ್ ಮುಗಿದು ಎಷ್ಟು ದಿನವಾಯಿತು? ಡ್ಯಾಮಿನ ಗೇಟೇ ಮುರಿದಂಥ ದಿನ ಇಲ್ಲೂ ಒಮ್ಮೆ ಬಂದಿತ್ತು. 2021ರ ಮಾರ್ಚ್ 8ರಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ನಿಯಮದಂತೆ ಮೊಬೈಲ್ ಕಂಪನಿಗಳು ಎಸ್‌ಎಂಎಸ್ಸುಗಳನ್ನು ಸೋಸಲು ಹೊರಟಾಗ ದೇಶದುದ್ದಕ್ಕೂ ಓಟಿಪಿಗಳು ನಿಂತುಹೋದವು. ಟ್ರಾಯ್ ಆ ನಿಯಮವನ್ನು ಒಂದು ವಾರ ತಡೆಹಿಡಿಯಬೇಕಾಯಿತು.

ಈ ಹುಡುಕಾಟದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಒಂದೇ ಒಂದು ಕ್ಷಣ. ಪುಟ ಸಿಕ್ಕಿಕೊಂಡಿದೆ, ಅವಸರ ಇದೆ, ಆಗ ಗೂಗಲ್ಲಿನಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ಎಂದು ಹುಡುಕಿ ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡುತ್ತೇವೆ. ಆ ಕಡೆಯ ದನಿ ಬಹಳ ವಿನಯದಿಂದ ಎನಿಡೆಸ್ಕ್ ಹಾಕಿಕೊಳ್ಳಿ ಎನ್ನುತ್ತದೆ. ಅದು ದೂರದಿಂದ ನಮ್ಮ ಪರದೆ ನೋಡುವ ಆ್ಯಪು. ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲೇ ಅದರ ಹೆಸರು ಹೇಳಿ ಎಚ್ಚರಿಸಿತ್ತು. ಕಂಪ್ಯೂಟರಿನ ಸಣ್ಣ ತೊಂದರೆಯೊಂದು ವರ್ಷದ ಬೆಳೆಯನ್ನು ನುಂಗುವುದು ಇಲ್ಲಿ. ಬ್ಯಾಂಕಿನ ನಂಬರು ಪಾಸ್‌ಬುಕ್ಕಿನ ಮೇಲೆ, ಎಟಿಎಂ ಕಾರ್ಡಿನ ಹಿಂದೆ ಅಚ್ಚಾಗಿರುತ್ತದೆ. ಅಷ್ಟೇ ಸಾಕು. ರೊಕ್ಕ ಹೋಯಿತೆಂದು ಗೊತ್ತಾದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬ್ಯಾಂಕಿನ ತಪ್ಪಾಗಲೀ ನಮ್ಮ ತಪ್ಪಾಗಲೀ ಇಲ್ಲದ ಮೂರನೆಯವರ ಮೋಸವಾದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟದ ಹೊರೆ ಇಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಗೋಳು ಮಾತ್ರ ಇದು: ಇಲ್ಲಿ ಕಟ್ಟಾಯಿತು, ಅಲ್ಲಿ ಮುಟ್ಟಲಿಲ್ಲ. ಆಗ ಇನ್ನೊಮ್ಮೆ ಕಳಿಸಬಾರದು. ಮೊದಲು ಸ್ಟೇಟ್‌ಮೆಂಟ್ ತೆರೆದು ರೊಕ್ಕ ನಿಜವಾಗಿಯೂ ಹೋಗಿದೆಯೇ ನೋಡಬೇಕು. ನೆಫ್ಟ್ ಆಗಿದ್ದರೆ ಅದು ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ, 2019ರ ಡಿಸೆಂಬರಿನಿಂದ ಹಗಲೂ ರಾತ್ರಿಯೂ, ಹಬ್ಬದ ದಿನವೂ. ಯುಪಿಐ ಆಗಿದ್ದರೆ 12 ಅಂಕಿಯ ಒಂದು ನಂಬರು ಬಂದಿರುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಸೆಂಟರಿನ ಹುಡುಗರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ‘ಸರ್ವರ್ ಇಲ್ಲ’ ಅನ್ನುವ ಬದಲು ಒಂದು ಚೀಟಿಯಲ್ಲಿ ತಾರೀಖು, ಮೊತ್ತ, ಆ ನಂಬರು ಬರೆದುಕೊಡಿ. ಬ್ಯಾಂಕುಗಳಿಗೆ ಕೇಳಿಕೊಳ್ಳುವುದು ಇನ್ನೊಂದು: ಜಾಹೀರಾತು ಕನ್ನಡದಲ್ಲಿ ಬರುತ್ತಿದೆ, ತಪ್ಪಿನ ಸಂದೇಶವೂ ಕನ್ನಡದಲ್ಲಿ ಬರಲಿ. ಕೂಲಿ ಹೆಣ್ಣುಮಕ್ಕಳ ಜಾಗೃತ ಮಹಿಳಾ ಸಂಘಟನೆ ಬೆಳೆದ ಊರು ಇದು. ದಲಿತ ಹೆಣ್ಣುಮಕ್ಕಳು ಹಕ್ಕಿಗಾಗಿ ಒಟ್ಟಾಗಿ ನಿಂತ, ಸುಟ್ಟ ಮಣ್ಣಿನ ಸರ ಓಲೆ ಮಾಡಿ ಹೊರಗಿನ ಪೇಟೆಗೆ ಕಳಿಸಿದ ಊರು. ಕಾರಣ ತಿಳಿಯುವ ಭಾಷೆಯಲ್ಲಿದ್ದರೆ ಇಲ್ಲಿಯ ಜನ ಲೆಕ್ಕ ಕೇಳದೆ ಬಿಡುವವರಲ್ಲ.

ಲೆಕ್ಕ ಕೇಳಲು ನಿಯಮವೂ ಇದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಯುಪಿಐಯಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ರೊಕ್ಕ ಮುಟ್ಟದಿದ್ದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸಾಗಬೇಕು. ಆಮೇಲಿನ ಪ್ರತಿ ದಿನದ ತಡಕ್ಕೆ ಗ್ರಾಹಕರಿಗೆ ನೂರು ರೂಪಾಯಿ ಬರಬೇಕು, ದೂರು ಕೊಡುವವರೆಗೂ ಕಾಯದೆ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಒಂಬುಡ್ಸ್‌ಮನ್ ಇದ್ದಾರೆ, 14448 ನಂಬರಿದೆ. 2021ರ ಒಂಬುಡ್ಸ್‌ಮನ್ ಯೋಜನೆಯಡಿ ಚಂಡೀಗಢದಲ್ಲಿ ತೆರೆದ ಕೇಂದ್ರಕ್ಕೆ ಯಾವ ಭಾಷೆಯಲ್ಲಿ ಬೇಕಾದರೂ ದೂರು ಬರೆಯಬಹುದು, ಕನ್ನಡದಲ್ಲಿಯೂ. ಇದನ್ನೆಲ್ಲ ಒಮ್ಮೆ ಅಂಗಡಿಗೆ ಬಂದ ಹೆಣ್ಣುಮಗಳೊಬ್ಬಳಿಗೆ ಹೇಳಿದೆ. ಅವಳು ಸೋಮವಾರ ಕಳಿಸಿದ್ದು ಮುಟ್ಟದೆ ಶನಿವಾರ ತಿರುಗಿ ಬಂದಿತ್ತು. ಬೆರಳು ಮಡಚಿ ಎಣಿಸಿದಳು.

‘ಮಂಗಳಾರ ಬಿಡ್ರಿ, ಅದು ಅವರ ಗಡುವು. ಬುಧವಾರ, ಬೇಸ್ತ್ವಾರ, ಶುಕ್ರವಾರ, ಶನಿವಾರ. ನಾಕ್ ನೂರು ಬರಬೇಕಲ್ರಿ ಅಣ್ಣಾರ?’

ಬರಬೇಕು ಎಂದೆ. ಅಲ್ಲೇ ಕೂತು ಇಬ್ಬರೂ ಅರ್ಜಿ ಬರೆದೆವು.