ಮರ ಹತ್ತೋ ಮಷೀನಿಗೆ ಎಣ್ಣಿ ಹಚ್ಚಬ್ಯಾಡ್ರಿ



ಹೋದ ವಾರ ಬಾಜು ಹೊಲದ ತಮ್ಮ ಒಬ್ಬ ತೆಂಗಿನ ಮರ ಹತ್ತೋ ಮಷೀನು ಕೇಳ್ಕೊಂಡು ಬಂದಿದ್ದ. ಕೊಡೋಕಿಂತ ಮೊದಲು ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ನಾನು ಅದನ್ನ ಕಲ್ತಿದ್ದು ಮರದ ಮ್ಯಾಲಿಂದ ಜಾರಿ.

ಕಮಲಾಪುರ ಅಂದ್ರ ಎಲ್ಲರಿಗೂ ಕೆಂಪು ಬಾಳೆಹಣ್ಣು ನೆನಪಾಗ್ತದ. ನಂದೂ ಅದೇ ಬೆಳಿ. ಬದುವಿನ ಮ್ಯಾಲ ಅಪ್ಪ ಹಚ್ಚಿದ 14 ತೆಂಗಿನ ಮರ ಅವ. ಮೊದಲು ಊರಿನ ಕಾಕಾ ಒಬ್ಬರು ಕಾಲಿಗೆ ಹಗ್ಗ ಹಾಕ್ಕೊಂಡು ಹತ್ತಿ ಕಾಯಿ ಇಳಿಸ್ತಿದ್ರು. ಅವರ ಮೊಣಕಾಲು ಹೋದವು, ಮಕ್ಕಳು ಪುಣೆಗೆ ದುಡಿಯಾಕ ಹೋದ್ರು. ಒಂದಿನ ಒಣಗಿದ ಕಾಯಿ ಬಿದ್ದಿದ್ದು ನಮ್ಮ ಮೊಮ್ಮಗಳು ಕುಂತ ಜಾಗದಿಂದ ಎರಡು ಮೊಳ ದೂರ. ಮರುದಿನವೇ ಕಲಬುರಗಿಗೆ ಹೋಗಿ ಮಷೀನು ತಂದೆ.

ಇದು ಕೇರಳದ ಕಣ್ಣೂರು ಜಿಲ್ಲಾದ ಚೆಂಬೇರಿಯ ರೈತ ಎಂ.ಜೆ. ಜೋಸೆಫ್ ಕಂಡುಹಿಡಿದ ನಮೂನಿ. ಎಡಗಾಲಿಗೊಂದು, ಬಲಗಾಲಿಗೊಂದು ಕಬ್ಬಿಣದ ಚೌಕಟ್ಟು. ಎರಡಕ್ಕೂ ಮರ ಸುತ್ತಿ ಬರೋ ತಂತಿ ಹಗ್ಗ. ನಿಂತ್ರ ನಮ್ಮ ಭಾರಕ್ಕ ಚೌಕಟ್ಟು ಬಾಗಿ ಹಗ್ಗ ಮರಕ್ಕ ಬಿಗೀತದ. ಭಾರ ತೆಗೆದು ಕೈಲೆ ಎತ್ತಿದ್ರ ಸಡಿಲ ಆಗ್ತದ. ಇಷ್ಟೇ ಅದರ ಗುಟ್ಟು.

ನಾನು ಎರಡು ತಪ್ಪು ಮಾಡಿದೆ. ಮೊದಲೇದ್ದು, ಪಂಪಿಗೆ ಹಚ್ಚಿದಂಗ ತಂತಿ ಹಗ್ಗಕ್ಕೂ ಎಣ್ಣಿ ಹಚ್ಚಿದೆ, ಸರಳ ಹತ್ತಲಿ ಅಂತ. ಎರಡನೇದ್ದು, ಬುಡದ ದಪ್ಪಕ್ಕ ಹಗ್ಗದ ಅಳತಿ ಇಟ್ಟೆ. ಮರ ಮ್ಯಾಲ ಹೋದಂಗ ಸಣ್ಣ ಆಗ್ತದ, ಹಗ್ಗ ಸಡಿಲ ಬಿತ್ತು. ಹನ್ನೆರಡು ಅಡಿ ಮ್ಯಾಲ ಎಡಗಾಲಿನ ಪೆಡಲ್ ಒಮ್ಮೆಲೆ ಕುಸೀತು. ಒಂದೂವರೆ ಅಡಿ ಜಾರಿ ಮರ ತಬ್ಬಿ ಹಿಡ್ಕೊಂಡೆ. ಎದಿ ಚರ್ಮ ಸುಲೀತು. ಸೊಂಟಕ್ಕ ಬೆಲ್ಟು ಇರಲಿಲ್ಲ.

ಸುದ್ದಿ ಕೇಳಿ ಕಾಕಾ ಬಂದ್ರು. ಹಗ್ಗ ಮುಟ್ಟಿ ನೋಡಿ, "ಇದು ಹಿಡೀಬೇಕಾದ್ದು, ಜಾರಬೇಕಾದ್ದಲ್ಲೋ ತಮ್ಮಾ" ಅಂದ್ರು.

ಈಗ ನಾ ಮಾಡೋದು ಹಿಂಗ. ಹಗ್ಗ, ರಬ್ಬರ್ ಒಣ ಅರಿವಿಲೆ ಒರೆಸ್ತೀನಿ. ಅರಿವಿ ಎಲ್ಲೆರ ಸಿಕ್ಕೊಂಡ್ರ ತಂತಿಯ ಎಳೆ ಹರದದ ಅಂತ ಅರ್ಥ, ಆ ಹಗ್ಗ ಬದಲಿ ಮಾಡಬೇಕು. ಬುಡದ ಉಬ್ಬು ಬಿಟ್ಟು ಅದರ ಮ್ಯಾಲ ಮಷೀನು ಕಟ್ಟಿ, ಪೆಡಲ್ ತುದಿ ಸ್ವಲ್ಪ ಮ್ಯಾಲ ಇರೋಹಂಗ ಅಳತಿ ಇಡ್ತೀನಿ. ನಿಂತಾಗ ಅದು ಮಟ್ಟಕ್ಕ ಬರಬೇಕು. ಕೆಳಗ ವಾಲಿದ್ರ ಹಗ್ಗ ಉದ್ದ ಆಗ್ಯದ. ಎತ್ತಿದಾಗ ಬಿಡಲಿಲ್ಲಂದ್ರ ಗಿಡ್ಡ ಆಗ್ಯದ. ಎರಡು ಅಡಿ ಹತ್ತಿ, ಇಳಿದು ನೋಡಿದ ಮ್ಯಾಲೇ ಮುಂದ ಹೋಗೋದು. ನಡುವ ವಾಲಾಕ ಶುರುವಾದ್ರ ಇಳಿದು ಬಂದು ಬಿಗಿ ಮಾಡ್ತೀನಿ. ಮರದ ಮ್ಯಾಲ ನಿಂತು ಪಾನಾ ಹಿಡೀಬ್ಯಾಡ್ರಿ.

ಇಳಿಯೋದೇ ಕಠಿಣ. ಒಂದು ಕಾಲು ಪೂರ್ತಿ ಹಿಡದ ಮ್ಯಾಲೇ ಇನ್ನೊಂದು ಎತ್ತಬೇಕು. ಗೇಣುದ್ದ ಗೇಣುದ್ದ ಇಳಿಸಿ, ಭಾರ ನಿಧಾನ ಬಿಡ್ರಿ. ಮಳಿ ಬಂದು ಮರ ತೊಯ್ದಿದ್ರ ಅವತ್ತು ಬ್ಯಾಡ. ವಾಲಿದ ಮರಕ್ಕ ನಾ ಹತ್ತಂಗಿಲ್ಲ, ಮಷೀನು ಒಂದ್ಕಡಿ ತಿರುಗ್ತದ. ನನ್ನ 14ರಾಗ ಅಂಥವು ಎರಡು ಹಂಗೇ ಬಿಟ್ಟೀನಿ. ಅವುಗಳ ಕೆಳಗ ಯಾರೂ ಕೂಡಬಾರದು ಅಂತ ಸುತ್ತ ಮುಳ್ಳು ಹಚ್ಚೀನಿ.

ತೆಂಗು ಅಭಿವೃದ್ಧಿ ಮಂಡಳಿ 2011ರಾಗ ಇಂಥ ಮಷೀನಿನ ತರಬೇತಿ ಶುರು ಮಾಡ್ಯದ. ಅವಕಾಶ ಸಿಕ್ಕರ ನಿಮ್ಮ ಹುಡುಗರನ್ನ ಕಳಸ್ರಿ. ನನ್ನಂಗ ಮರದ ಮ್ಯಾಲ ಕಲಿಯೋದು ಬ್ಯಾಡ.

ನನ್ನ ಮನಿಯಾಕಿ ಅವತ್ತು ಮಷೀನು ಕೋಣ್ಯಾಗ ಹಾಕಿ ಕೀಲಿ ಜಡಿದಿದ್ಲು. ಮತ್ತ ಕಲಬುರಗಿಗೆ ಹೋಗಿ, ಕಟ್ಟಡ ಕೆಲಸದವರು ಹಾಕ್ಕೊಳ್ಳೋ ಬೆಲ್ಟು ತಂದು ತೋರಿಸಿದ ಮ್ಯಾಲೇ ಕೀಲಿ ಕೈ ಕೊಟ್ಲು. ಈಗ ನಾ ಹತ್ತುವಾಗ ಕೆಳಗ ನಿಂತು, ಬೆಲ್ಟಿನ ಹಗ್ಗ ಮರಕ್ಕ ಸುತ್ತೀನೋ ಇಲ್ಲೋ ಅಂತ ಒದರಿ ಕೇಳ್ತಾಳ. ನಾನೂ ಪ್ರತಿ ಸಲ ಉತ್ತರ ಕೊಡ್ತೀನಿ.

ಬಾಜು ಹೊಲದ ತಮ್ಮಗ ಮಷೀನು ಕೊಟ್ಟೆ, ಸಂಗಟ ಬೆಲ್ಟೂ ಕೊಟ್ಟೆ. ನೀವು ಯಾರೆರ ಒಯ್ಯೋದಿದ್ರ ಎರಡೂ ಒಯ್ರಿ. ಬೆಲ್ಟು ಬಿಟ್ಟು ಬರೀ ಮಷೀನು ಕೊಡಂಗಿಲ್ಲ.